ಜನರೇಟ್ ಗುಂಡಿ ಒತ್ತಿದ ಕೈ

ಮೊನ್ನೆ ಒಂದು ಕಚೇರಿಗೆ ಹೋಗಿದ್ದೆ. ನನ್ನ ಮುಂದೆ ನಿಂತಿದ್ದ ಮುದುಕಿಯ ಹೆಸರು ಯಾವುದೋ ಪಟ್ಟಿಯಿಂದ ಬಿದ್ದುಹೋಗಿತ್ತು. ಮೇಜಿನ ಹಿಂದೆ ಕುಳಿತವನು ತಲೆಯನ್ನೂ ಎತ್ತದೆ, "ಕಂಪ್ಯೂಟರ್ ತಗದೈತಿ ಯವ್ವಾ, ನಾವೇನ್ ಮಾಡೂಣು?" ಎಂದ. ಮುದುಕಿ ದೇವರೇ ತೆಗೆದಿದ್ದಾನೆ ಎಂಬಂತೆ ಸೆರಗು ಹೊದ್ದುಕೊಂಡು ಹೊರಟಳು. ನನಗೆ ತಡೆಯಲಾಗಲಿಲ್ಲ. ಕಂಪ್ಯೂಟರ್ ತಾನಾಗಿ ಯಾರ ಹೆಸರನ್ನೂ ತೆಗೆಯುವುದಿಲ್ಲ, ಯಾರೋ ಒಬ್ಬ ಮನುಷ್ಯ ಬರೆದ ಕಮಾಂಡು ತೆಗೆದಿರುತ್ತದೆ, ಅದನ್ನು ತೆರೆದು ನೋಡಪ್ಪ ಎಂದೆ. ಅವನು ನನ್ನ ಧೋತರ ನೋಡಿದ, ಟೊಪ್ಪಿಗೆ ನೋಡಿದ. "ಅದೆಲ್ಲ ನಿಮಗೇನ್ ಗೊತ್ತಾಗತೈತ್ರಿ ಅಜ್ಜಾರ?" ಎಂದು ಕೇಳಿದ.

ನನಗೇನು ಗೊತ್ತಾಗುತ್ತದೆ ಎಂಬುದನ್ನು ಬರೆಯಲು ಕುಳಿತಿದ್ದೇನೆ. ನಾಳೆ ಇಂಥ ಪರದೆಗಳ ಮುಂದೆ ಕೂರುವ ಮಕ್ಕಳು ಓದಲಿ. ಆ ಮೇಜಿನ ಹಿಂದಿನವನಿಗೆ ಓದುವ ಅಭ್ಯಾಸವಿದ್ದರೆ ಅವನೂ ಓದಲಿ.

ನಾನು ಏಳನೆಯ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟವನು. ಅದರ ಬಗ್ಗೆ ನನಗೆ ನಾಚಿಕೆಯೂ ಇಲ್ಲ, ಹೇಳಿಕೊಂಡು ಅಳುವ ಚಟವೂ ಇಲ್ಲ. ಅಣ್ಣಿಗೇರಿಯ ಬಾಜೂಕಿಗೆ ಬಿತ್ತನೆ ಬೀಜ ಸ್ವಚ್ಛ ಮಾಡಿ, ಪರೀಕ್ಷೆ ಮಾಡಿ, ಚೀಲ ಹೊಲಿದು ರೈತರಿಗೆ ಕಳಿಸುವ ಒಂದು ಸಂಘ ಇತ್ತು, ಈಗಲೂ ಇದೆ. ಹೆಸರು ಬರೆಯುವುದಿಲ್ಲ, ಅಲ್ಲಿ ನನ್ನ ಜನ ಇನ್ನೂ ದುಡಿಯುತ್ತಿದ್ದಾರೆ. ಅಲ್ಲಿಗೆ ನಾನು ಸೇರಿದ್ದು ಚೀಲ ಹೊಲಿಯಲು. ದಬ್ಬಳ ಹಿಡಿದ ಕೈಗೆ ಮುಂದೆ ದಾಸ್ತಾನು ವಹಿ ಬಂತು, ಯಾಕೆಂದರೆ ನನ್ನ ಅಕ್ಷರ ದುಂಡಗಿದ್ದವು ಮತ್ತು ನಾನು ಚೀಲ ಎಣಿಸದೆ ಬರೆಯುತ್ತಿರಲಿಲ್ಲ. ವಹಿ ಹೋಗಿ ಕಂಪ್ಯೂಟರ್ ಬಂದಾಗ, ವಹಿ ಬಲ್ಲವನೇ ಅದನ್ನೂ ನೋಡಿಕೊಳ್ಳಲಿ ಎಂದು ಅಂದಿನ ಅಧ್ಯಕ್ಷರು ಹೇಳಿದರು. ಅವರಿಗೆ ಗೌಡ್ರು ಎನ್ನುತ್ತಿದ್ದೆವು, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಸಂಘ ತಂದದ್ದು ಸಿದ್ಧ ಸಾಫ್ಟ್‌ವೇರ್ ಅಲ್ಲ. ವೆಬ್ ಅಪ್ಲಿಕೇಶನ್ನನ್ನು ತಾನೇ ಹುಟ್ಟಿಸಿಕೊಡುವ ಒಂದು ಯಂತ್ರ, ಜನರೇಟರ್. ಅದನ್ನು ಕಲಿಸಲು ಹುಬ್ಬಳ್ಳಿಯಿಂದ ಶಾಹೀನ್ ಮೇಡಂ ಎಂಬವರು ಬಂದರು. ನನ್ನ ಕೆಲಸದ ಜೀವನದಲ್ಲಿ ನನಗೆ ಎದುರಾದ ಕೊನೆಯ ಗುರು ಅವರು. ನನಗೆ ಆಗ ಇಂಗ್ಲಿಷ್ ಅಕ್ಷರ ಬರುತ್ತಿದ್ದವು, ಇಂಗ್ಲಿಷ್ ಬರುತ್ತಿರಲಿಲ್ಲ. ಅವರು ಅದನ್ನೊಂದು ಕೊರತೆ ಎಂದು ಎಣಿಸಲೇ ಇಲ್ಲ. ಲಾಟುಗಳು, ಪರೀಕ್ಷೆಗಳು, ಊರುಗಳು, ರವಾನೆ, ಹೀಗೆ ಒಂದೊಂದು ಬಾಬಿಗೆ ಒಂದೊಂದು ಡೇಟಾ ಕಂಟ್ರೋಲರ್ ಇರುತ್ತದೆ ಎಂದರು. ಲಾಟು ಎಂದರೆ ಒಬ್ಬ ರೈತನ ಒಂದು ಹೊಲದಿಂದ ಬಂದು ಒಟ್ಟಿಗೆ ಪರೀಕ್ಷೆಗೆ ಹೋಗುವ ಬೀಜದ ರಾಶಿ. ಆ ಬಾಬಿನಲ್ಲಿ ಏನು ತೋರಿಸಬೇಕು, ಯಾರು ತಿದ್ದಬಹುದು, ಯಾರು ಅಳಿಸಬಹುದು ಎಂಬುದೆಲ್ಲ ಕಂಟ್ರೋಲರಿನಲ್ಲಿ ಇರುತ್ತದೆ. ಅದರ ಒಳಗೆ ಕಮಾಂಡು ಇರುತ್ತದೆ. ಯಾವ ಕೋಷ್ಟಕದಿಂದ ಯಾವ ಮಾಹಿತಿ ತೆಗೆದು, ಯಾವುದಕ್ಕೆ ಜೋಡಿಸಿ, ಯಾವುದನ್ನು ಬಿಟ್ಟು ಕೊಡಬೇಕು ಎಂದು ಬರೆದಿಟ್ಟ ಹೇಳಿಕೆ. ಇವನ್ನೆಲ್ಲ ಸರಿಯಾಗಿ ಬರೆದು 'ಜನರೇಟ್' ಎಂಬ ಗುಂಡಿ ಒತ್ತಿದರೆ ಯಂತ್ರ ನೂರಾರು ಫೈಲುಗಳನ್ನು ತಾನೇ ಬರೆದು ಪರದೆಗಳನ್ನು ಹುಟ್ಟಿಸುತ್ತದೆ.

ಮೇಡಂ ಹೊರಡುವ ದಿನ ಒಂದು ಮಾತು ಹೇಳಿದರು. "ಕಾಕಾರ, ಇದು ಬರದು ಹೊರಗ ಹಾಕಿದ ಫೈಲಿಗೆ ಯಾವತ್ತೂ ಕೈ ಹಚ್ಚಬ್ಯಾಡ್ರಿ. ಏನರೆ ತಿದ್ದೂದಿದ್ರ ಕಂಟ್ರೋಲರಿನ್ಯಾಗ, ಕಮಾಂಡಿನ್ಯಾಗ ತಿದ್ರಿ. ಹೊರಗಿನ ಫೈಲ್ ತಿದ್ದಿದ್ರ, ಮುಂದಿನ ಸಲ ಗುಂಡಿ ಒತ್ತಿದಾಗ ಅದು ಹೊಸದಾಗಿ ಬರಕೊಂತೈತಿ. ನೀವು ತಿದ್ದಿದ್ದು ಇದ್ದದ್ದ ಗುರ್ತ ಇರೂದಿಲ್ಲ."

ನಾನು ಈ ಮಾತನ್ನು ವಹಿಯ ಮೊದಲ ಪುಟದಲ್ಲಿ ಬರೆದುಕೊಂಡೆ. ಪದವಿ ಇದ್ದವರು ಬರೆದುಕೊಳ್ಳಲಿಲ್ಲ.

ನನ್ನ ಮೊದಲ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ತಂಬೂರದಲ್ಲಿ ನಮ್ಮದೊಂದು ಖರೀದಿ ಕೇಂದ್ರ ಇತ್ತು, ಬಮ್ಮಿಗಟ್ಟಿಯ ಕಡೆಯ ಸೋಯಾ, ಭತ್ತ ಅಲ್ಲಿಗೆ ಬರುತ್ತಿದ್ದವು. ಆ ಕೇಂದ್ರಕ್ಕೆಂದು ಲಾಟುಗಳ ಕಂಟ್ರೋಲರನ್ನು ನಕಲು ಮಾಡಿ, ಹೆಸರಿನ ಮುಂದೆ ಒಂದು ಅಂಕಿ ಹಚ್ಚಿ ಇಟ್ಟಿದ್ದೆ. ಮೂರು ತಿಂಗಳ ಮೇಲೆ ಸ್ವಚ್ಛ ಮಾಡುವ ಹುರುಪು ಬಂತು. ಈ ಅಂಕಿ ಹಚ್ಚಿದ್ದು ಯಾವ ಕಸ ಎಂದು ಅಳಿಸಿ ಗುಂಡಿ ಒತ್ತಿದೆ. ಮರುದಿನ ತಂಬೂರದಲ್ಲಿ ಪರದೆಯೇ ಇಲ್ಲ. ಟ್ರ್ಯಾಕ್ಟರ್ ಸಾಲುಗಟ್ಟಿ ನಿಂತಿದ್ದವು. ನಾನು ಹಳೆಯ ವಹಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿ ಹೋಗಿ, ಸಂಜೆಯವರೆಗೆ ಕೈಯಿಂದ ಬರೆದೆ. ಬೈಗುಳ ತಿಂದೆ, ತಿನ್ನಬೇಕಾದ್ದೇ. ಆದರೆ ಒಂದು ತಿಳಿದುಕೊಂಡೆ: ಕಂಟ್ರೋಲರ್ ಅಳಿಸಿದರೆ ಬಾಗಿಲು ಹೋಗುತ್ತದೆ, ಒಳಗಿನ ಕಾಳು ಹೋಗುವುದಿಲ್ಲ. ಮಾಹಿತಿಯೆಲ್ಲ ಕೋಷ್ಟಕದಲ್ಲಿ ಹಾಗೆಯೇ ಇತ್ತು. ಅಂದಿನಿಂದ ಹೆಸರಿಡುವಾಗ ಅಂಕಿ ಹಚ್ಚುವುದನ್ನು ಬಿಟ್ಟೆ. ಯಾರಿಗಾಗಿ, ಯಾತಕ್ಕಾಗಿ ಎಂಬುದು ಹೆಸರಿನಲ್ಲೇ ಇರಬೇಕು. ಮತ್ತು ಗುಂಡಿ ಒತ್ತುವ ಮೊದಲು ಇದ್ದ ಫೈಲುಗಳ ಒಂದು ಪ್ರತಿ ಬೇರೆ ಕಡೆ ತೆಗೆದಿಡುವ ರೂಢಿ ಮಾಡಿಕೊಂಡೆ.

ಎರಡನೆಯದು ನನ್ನ ತಪ್ಪಲ್ಲ, ಆದರೆ ಇವತ್ತಿಗೂ ನೆನೆದರೆ ಸಿಟ್ಟು ಬರುತ್ತದೆ. ಕಲಘಟಗಿ ಕಡೆಯ ಒಂದು ತಾಂಡಾದ ರೈತರು ಸೋಯಾ ಬೀಜ ತಂದು ಹಾಕಿದ್ದರು. ಗೋದಾಮಿನಲ್ಲಿ ಅವರ ಚೀಲ ಕಣ್ಣಿಗೆ ಕಾಣುತ್ತಿವೆ, ಪರದೆಯ ಮೇಲೆ ಅವರ ಲಾಟುಗಳೇ ಇಲ್ಲ. ಆಗಿನ ವ್ಯವಸ್ಥಾಪಕರು ಹೊಸದಾಗಿ ಬಂದಿದ್ದರು. ಅವರಿಗೆ ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಎರಡು ಪದವಿ, ಅಗದಿ ಇಸ್ತ್ರಿ ಅಂಗಿ, ಮಾತಿಗೊಮ್ಮೆ 'ಸಿಸ್ಟಮ್'. ಸಿಸ್ಟಮಿನಲ್ಲಿ ಇಲ್ಲದ ಚೀಲ ನಮ್ಮದಲ್ಲ, ವಾಪಸ್ ಒಯ್ಯಲು ಹೇಳಿ ಎಂದರು. ಆ ರೈತರಲ್ಲಿ ಒಬ್ಬ ತನ್ನ ಚೀಲದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ, ಅದು ಎದ್ದು ಹೋದೀತು ಎಂಬಂತೆ.

ನಾನು ಕಮಾಂಡು ತೆರೆದು ಬೆರಳು ಇಟ್ಟು ಓದಿದೆ. ಲಾಟಿನ ಕೋಷ್ಟಕವನ್ನು ಊರುಗಳ ಕೋಷ್ಟಕಕ್ಕೆ ಜೋಡಿಸಿದ್ದರು. ಎರಡೂ ಕಡೆ ಜೊತೆ ಸಿಕ್ಕರೆ ಮಾತ್ರ ತೋರಿಸು ಎಂದಿತ್ತು. ತಾಂಡಾದ ಹೆಸರು ಊರುಗಳ ಪಟ್ಟಿಯಲ್ಲಿ ಯಾರೂ ಬರೆದಿರಲಿಲ್ಲ. ಊರಿಲ್ಲ, ಆದ್ದರಿಂದ ರೈತನಿಲ್ಲ, ಆದ್ದರಿಂದ ಬೀಜವೂ ಇಲ್ಲ. ಊರು ಸಿಗದಿದ್ದರೂ ಲಾಟು ಬರಲಿ, ಊರಿನ ಜಾಗ ಖಾಲಿ ಇರಲಿ ಎಂದು ಒಂದು ಶಬ್ದ ಬದಲಿಸಿದೆ. ಗುಂಡಿ ಒತ್ತಿದೆ. ಎಲ್ಲ ಲಾಟುಗಳೂ ಬಂದವು. ಸಾಹೇಬರು ನೋಡಿ, "ಹಂಗಾರ ಸಿಸ್ಟಮ್ ಸರಿ ಆತು," ಎಂದರು. ಸಿಸ್ಟಮ್ ಸರಿ ಆಗಲಿಲ್ಲ ಸಾಹೇಬರ, ಸರಿ ಮಾಡಿದೆವು ಎಂದು ನಾನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಬೇಕಿತ್ತು. ಒಂದು ಸಲ ನುಂಗಿದ ಮಾತು ಮುಂದಿನ ಮಾತನ್ನೂ ನುಂಗಲು ಕಲಿಸುತ್ತದೆ.

ಈಗ ಬರೆಯುವುದಕ್ಕೆ ನನ್ನ ಕೈ ಅಷ್ಟು ಸಲೀಸಾಗಿ ಓಡುವುದಿಲ್ಲ.

ನಮ್ಮ ಪ್ರಯೋಗಶಾಲೆಯಲ್ಲಿ ನೀಲವ್ವ ಎಂಬ ಹೆಣ್ಣುಮಗಳು ಇದ್ದಳು. ಕರಾರಿನ ಮೇಲಿನ ಕೆಲಸ, ವರ್ಷವರ್ಷಕ್ಕೆ ಹೊಸ ಆದೇಶ. ಪ್ರತಿ ಲಾಟಿನಿಂದ ಕಾಳು ಎಣಿಸಿ ತೆಗೆದು, ಒದ್ದೆ ಕಾಗದದಲ್ಲಿ ಸುತ್ತಿ ಇಟ್ಟು, ಕಡಲೆಯಾದರೆ ಎಂಟನೆಯ ದಿನ ಬಿಚ್ಚಿ ಎಷ್ಟು ಮೊಳಕೆ ಒಡೆದಿವೆ ಎಂದು ಎಣಿಸುವುದು ಅವಳ ಕೆಲಸ. ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಮತ್ತೆ ಒಂದರಿಂದ ಶುರು ಮಾಡುತ್ತಿದ್ದಳು. ಅವಳು ಪಾಸು ಎಂದರೆ ಬೀಜ, ನಾಪಾಸು ಎಂದರೆ ಬರೀ ಕಾಳು. ಇದರಲ್ಲಿ ನಮಗೆ ಯಾರಿಗೂ ಸಂಶಯ ಇರಲಿಲ್ಲ.

ನಾಪಾಸಾದ ಲಾಟಿಗೆ ನಮ್ಮ ಹಮಾಲರ ಒಂದು ಪದ್ಧತಿ ಇತ್ತು. ಚೀಲದ ಬಾಯಿಗೆ ಹೊಲಿಯುವ ಚೀಟಿಯನ್ನು ತಲೆಕೆಳಗಾಗಿ ಹೊಲಿಯುತ್ತಿದ್ದರು. ಓದು ಬರದವರಿಗೂ, ಮಬ್ಬು ಬೆಳಕಿನಲ್ಲಿಯೂ, ದೂರದಿಂದ ನೋಡಿದರೆ ತಿಳಿಯುತ್ತಿತ್ತು: ಈ ಚೀಲ ಹೇರಬಾರದು. ನಾನೂ ಹೊಲಿಯುವ ಕಾಲದಲ್ಲಿ ಹಾಗೆಯೇ ಹೊಲಿದಿದ್ದೇನೆ.

ಆ ವರ್ಷ ಬೇಸಿಗೆಯಲ್ಲಿ ಪಾಸಾಗಿದ್ದ ಕಡಲೆ ಲಾಟುಗಳನ್ನು ಹಿಂಗಾರಿ ಬಿತ್ತನೆಗೆ ಕಳಿಸುವ ಮೊದಲು ಇನ್ನೊಮ್ಮೆ ಪರೀಕ್ಷೆ ಮಾಡಿದರು. ಮಳೆಗಾಲದಲ್ಲಿ ಗೋದಾಮಿನ ಒಂದು ಮೂಲೆ ಒಸರಿತ್ತು. ಆ ಮೂಲೆಯ ಒಂದು ಲಾಟು ಎರಡನೆಯ ಪರೀಕ್ಷೆಯಲ್ಲಿ ನಾಪಾಸಾಯಿತು. ನೀಲವ್ವ ವಹಿಯಲ್ಲಿಯೂ ಬರೆದಳು, ಪರದೆಯಲ್ಲಿಯೂ ತುಂಬಿದಳು. ಹಮಾಲರು ಚೀಟಿ ತಿರುಗಿಸಿ ಹೊಲಿದರು. ಆದರೆ ರವಾನೆಯ ಪಟ್ಟಿಯಲ್ಲಿ ಆ ಲಾಟು ಇನ್ನೂ ತೋರುತ್ತಿತ್ತು. ಆ ಕಮಾಂಡು ಬರೆದಾಗ ಒಂದು ಲಾಟಿಗೆ ಒಂದೇ ಪರೀಕ್ಷೆ ಎಂದು ಎಣಿಸಿದ್ದೆವು. ಅದು ಮೊದಲ ಫಲಿತಾಂಶವನ್ನು ಹಿಡಿದು ಕೂತಿತ್ತು. ಪ್ರತಿ ಲಾಟಿಗೆ ಕೊನೆಯ ಪರೀಕ್ಷೆಯನ್ನೇ ಹಿಡಿಯುವಂತೆ ಕಮಾಂಡು ಹೊಸದಾಗಿ ಬರೆಯಬೇಕು, ಬರೆದು ನೋಡಲು ಎರಡು ದಿನ ಬೇಕು ಎಂದು ಸಾಹೇಬರಿಗೆ ಹೇಳಿದೆ. ನಾಡಿದ್ದಿನಿಂದ ಲಾರಿ ಬರತೊಡಗುತ್ತವೆ, ಎರಡು ದಿನ ಎಲ್ಲಿಂದ ತರಲಿ ಎಂದರು.

ಮರುದಿನ ಮುಂಜಾನೆ ನಾನು ಬರುವಷ್ಟರಲ್ಲಿ ಆ ಲಾಟು ಪಟ್ಟಿಯಲ್ಲಿ ಇರಲಿಲ್ಲ. ಸಾಹೇಬರು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು. "ನೋಡು ಫಕೀರಪ್ಪ, ನೀ ಎರಡು ದಿನ ಕೇಳಿದ್ದಿ. ನಾ ಹತ್ತು ಮಿನಿಟಿನ್ಯಾಗ ಮುಗಿಸೇನಿ. ಸಾಲಿ ಕಲಿತಿದ್ರ ನಿನಗೂ ಬರತಿತ್ತು," ಎಂದರು. ಅಲ್ಲಿ ನಿಂತಿದ್ದ ನಾಲ್ಕು ಜನ ನಕ್ಕರು.

ಏನು ಮಾಡಿದಿರಿ, ಎಲ್ಲಿ ತಿದ್ದಿದಿರಿ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಅವರು ಕಮಾಂಡಿನಲ್ಲೇ ತಿದ್ದಿರಬೇಕು ಎಂದುಕೊಂಡೆ. ತೆರೆದು ನೋಡಲು ಒಂದು ನಿಮಿಷ ಸಾಕಿತ್ತು. ಆದರೆ ಆ ಮಾತು ಕೇಳಿದ ಮೇಲೆ ಅವರು ಮುಟ್ಟಿದ್ದನ್ನು ಮುಟ್ಟಬಾರದೆಂಬ ಹಟ ಹತ್ತಿತು. ಮಕ್ಕಳೇ, ನಿಮ್ಮನ್ನು ಯಾರಾದರೂ ಹಳಿದ ದಿನ ಕಮಾಂಡನ್ನು ಎರಡು ಸಲ ತೆರೆದು ನೋಡಿರಿ. ಕೆಲಸ ಕೆಡುವುದು ಅಂಥ ದಿನವೇ.

ಅದಾಗಿ ಮೂರನೆಯ ದಿನ ಗೌಡ್ರು ಬಂದರು. ರವಾನೆ ಪಟ್ಟಿಯಲ್ಲಿ ತಾಲ್ಲೂಕಿನ ಹೆಸರೂ ಕಾಣಲಿ ಎಂದರು. ಸಣ್ಣ ಕೆಲಸ. ಕಂಟ್ರೋಲರಿನಲ್ಲಿ ಒಂದು ಅಂಕಣ ಸೇರಿಸಿದೆ, ರೂಢಿಯಂತೆ ಹಳೆಯ ಫೈಲುಗಳ ಪ್ರತಿ ತೆಗೆದಿಟ್ಟೆ, ಗುಂಡಿ ಒತ್ತಿದೆ. ತಾಲ್ಲೂಕು ಬಂತೇ ಎಂದು ನೋಡಿದೆ, ಬಂದಿತ್ತು. ಬೇರೆ ಏನು ಬಂತು, ಏನು ಹೋಯಿತು ಎಂದು ನೋಡಲಿಲ್ಲ.

ಮಧ್ಯಾಹ್ನ ನವಲಗುಂದ ಕಡೆಯ ಲಾರಿ ಹೇರುತ್ತಿದ್ದರು. ಹಮಾಲರ ಮೇಸ್ತ್ರಿ ಮಾಬೂಸಾಬ ಬಂದು ಬಾಗಿಲಲ್ಲಿ ನಿಂತ. ನಾನೂ ಅವನೂ ಒಂದೇ ಕಾಲಕ್ಕೆ ದಬ್ಬಳ ಹಿಡಿದವರು.

"ಫಕೀರಪ್ಪಣ್ಣ, ನೀ ಕೊಟ್ಟ ಪಟ್ಟಿಯೊಳಗ ಒಂದು ಲಾಟಿನ ಚೀಟಿ ಉಲ್ಟಾ ಅದಾವು. ಹೇರೂದೋ ಬ್ಯಾಡೋ?"

ನಾನು ಪರದೆ ನೋಡಿದೆ. ಲಾಟಿನ ನಂಬರು ಪಟ್ಟಿಯಲ್ಲಿ ನಿಚ್ಚಳವಾಗಿತ್ತು.

"ಕಂಪ್ಯೂಟರ್ ತೋರಸಾಕತ್ತೈತಲ್ಲೋ. ಆಮ್ಯಾಲೆ ಮತ್ತ ಪಾಸ್ ಆಗಿರಬೇಕು. ಹೇರು."

"ಹಂಗಂತೀ? ನೀಲವ್ವನ್ನ ಒಂದು ಮಾತು ಕೇಳಲೇನು?"

"ಎಷ್ಟ್ ಮಂದೀನ್ ಕೇಳತೀಯೋ ಮಾರಾಯಾ. ಲಾರಿ ನಿಂತೈತಿ."

ಅವನು ಹೇರಿಸಿದ. ಎಂಟು ದಿನದ ಪರೀಕ್ಷೆ ಮೂರು ದಿನದಲ್ಲಿ ಹೇಗೆ ಮುಗಿದೀತು ಎಂದು ನನಗೆ ಹೊಳೆಯಲೂ ಇಲ್ಲ. ಓದು ಬಾರದ ಮನುಷ್ಯನ ಕಣ್ಣಿಗೆ ಕಂಡದ್ದು, ಅವನಷ್ಟೇ ವರ್ಷ ಅಲ್ಲಿ ದುಡಿದ ನನ್ನ ಕಣ್ಣಿಗೆ ಕಾಣಲಿಲ್ಲ. ನಾನು ಇವತ್ತು ಯಾರಿಗೆ ಬಯ್ಯುತ್ತೇನೋ ಅವರ ಮಾತನ್ನೇ ಅಂದು ನನ್ನ ಬಾಯಿಂದ ಆಡಿದ್ದೆ.

ಎರೆಹೊಲದ ರೀತಿ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಹಿಂಗಾರಿಯಲ್ಲಿ ಮಣ್ಣಿನ ಹಸಿ ಇರುವಾಗ ಬಿತ್ತಬೇಕು, ಆ ಹಸಿ ನಮಗಾಗಿ ಕಾಯುವುದಿಲ್ಲ. ಹತ್ತು ಹನ್ನೆರಡು ದಿನಕ್ಕೆ ಆ ಬೀಜ ಒಯ್ದ ಊರಿನ ರೈತರು ಬಂದರು. ಒಬ್ಬ ಹಿರಿಯ ಟಾವೆಲ್ಲಿನ ಗಂಟು ಬಿಚ್ಚಿ ಮೇಜಿನ ಮೇಲೆ ಕಡಲೆ ಸುರಿದ. ಸಾಲು ಕೆದರಿ ತೆಗೆದ ಕಾಳು, ಉಬ್ಬಿ, ಕೊಳೆತು, ಮಣ್ಣು ಅಂಟಿತ್ತು. ಅವನು ಕೂಗಾಡಲಿಲ್ಲ. "ಹೊಲ ಖಾಲಿ ನಿಂತೈತ್ರಿ. ನಾ ಏನ್ ತಪ್ಪ ಮಾಡೇನಿ ಅಷ್ಟ್ ಹೇಳ್ರಿ," ಎಂದ. ಸಂಘ ಬೇರೆ ಬೀಜ ಕೊಟ್ಟಿತು. ಹಸಿಯನ್ನು ಕೊಡಲು ಸಂಘಕ್ಕೆ ಬರಲಿಲ್ಲ.

ಆ ಸಂಜೆಯೇ ನಾನು ಎಲ್ಲವನ್ನೂ ತೆರೆದು ನೋಡಿದೆ. ಕಮಾಂಡಿನಲ್ಲಿ ಸಾಹೇಬರು ಒಂದಕ್ಷರವನ್ನೂ ತಿದ್ದಿರಲಿಲ್ಲ. ನಾನು ತೆಗೆದಿಟ್ಟಿದ್ದ ಹಳೆಯ ಪ್ರತಿಯಲ್ಲಿ, ಯಂತ್ರ ಬರೆದ ಫೈಲಿನ ನಡುವೆ, ಅವರ ಮೂರು ಸಾಲು ಸಿಕ್ಕವು: ಯಾವುದೇ ಪರೀಕ್ಷೆಯಲ್ಲಿ ನಾಪಾಸಾದ ಲಾಟನ್ನು ತೋರಿಸಬೇಡ. ನಾನು ಗುಂಡಿ ಒತ್ತಿದಾಗ ಯಂತ್ರ ಆ ಫೈಲನ್ನು ಹೊಸದಾಗಿ ಬರೆದಿತ್ತು, ಮೂರು ಸಾಲು ಹೋಗಿದ್ದವು. ಶಾಹೀನ್ ಮೇಡಂ ಹೇಳಿದ್ದು ಹೇಳಿದಂತೆಯೇ ಆಗಿತ್ತು.

ಸಾಹೇಬರಿಗೆ ಹೋಗಿ ತೋರಿಸಿದೆ. ಅವರ ಮುಖ ಒಂದು ಗಳಿಗೆ ಬಿಳಚಿತು. ಆಮೇಲೆ ಬಾಗಿಲು ಹಾಕಿದರು. ಆಡಳಿತ ಮಂಡಳಿಗೆ ಅವರು ಆಗಲೇ ವರದಿ ಬರೆದು ಕಳಿಸಿದ್ದರು, ಅದರಲ್ಲಿ ಇದ್ದದ್ದು ಹೀಗೆ: ಪ್ರಯೋಗಶಾಲೆಯವರು ಫಲಿತಾಂಶ ತಪ್ಪು ತುಂಬಿ, ಆಮೇಲೆ ತಿದ್ದಿದ್ದಾರೆ. ವಹಿಯನ್ನೂ ನಂತರ ಬರೆದಿದ್ದಾರೆ. ವಿಚಾರಣೆ ಮುಗಿಯುವವರೆಗೆ ನೀಲವ್ವ ಕೆಲಸಕ್ಕೆ ಬರತಕ್ಕದ್ದಲ್ಲ. ಇದು ಸರಿಯಲ್ಲರಿ ಎಂದೆ.

"ಸರಿ ಐತಿ ಅಂತ ನಾ ಎಲ್ಲಿ ಅಂದೆ?" ಎಂದರು. "ಗುಂಡಿ ಒತ್ತಿದಾಂವ ನೀ. ಹೇರು ಅಂದಾಂವ ನೀ. ಇನ್ನೆರಡು ವರ್ಷಕ್ಕ ಗೌರವದಲೆ ಮನೀಗೆ ಹೋಗಾಂವ ಇದ್ದಿ. ಆಕೀದು ಹೆಂಗೂ ಕರಾರು. ನಿನ್ನ ಸಲುವಾಗೇ ಹೇಳಾಕತ್ತೇನಿ, ಸುಮ್ಮ ಇರು."

ಸುಮ್ಮನಿದ್ದೆ. ಬರೆಯಲು ಇದಕ್ಕಿಂತ ಕಠಿಣ ಮಾತು ನನ್ನಲ್ಲಿ ಇಲ್ಲ. ದಿನಾ ಮುಂಜಾನೆ ಹೋಗಿ ಕಂಟ್ರೋಲರುಗಳ ಮುಂದೆ ಕೂತೆ. ಪ್ರಯೋಗಶಾಲೆಗೆ ಬೀಗ ಹಾಕಿತ್ತು. ನೀಲವ್ವನ ಮನೆಯ ಕಡೆ ಹೋಗುವ ದಾರಿ ಬಿಟ್ಟು ಬೇರೆ ದಾರಿ ಹಿಡಿದೆ. ಹಮಾಲರು ನನ್ನೊಂದಿಗೆ ಚಹಾ ಕುಡಿಯುವುದನ್ನು ಬಿಟ್ಟರು. ಯಾಕೆಂದು ಮಾಬೂಸಾಬನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ವಿಚಾರಣೆಯ ದಿನ ಮಂಡಳಿಯವರೆಲ್ಲ ಕೂತಿದ್ದರು. ಗೋಡೆಗೆ ಪರದೆ ಬಿಟ್ಟು ನನ್ನ ಕಂಪ್ಯೂಟರನ್ನು ಅದಕ್ಕೆ ಹಚ್ಚಿದ್ದರು, ಸಾಹೇಬರು ಅದರಲ್ಲಿ ಚೆಂದದ ಚಿತ್ರಗಳನ್ನು ತೋರಿಸಿ ವಿವರಿಸಿದರು. ನೀಲವ್ವನನ್ನು ಕರೆದರು. ಅವಳು ಒಂದು ಕೈಚೀಲದಿಂದ ಒಣಗಿದ ಕಾಗದದ ಸುರುಳಿಗಳನ್ನು ತೆಗೆದು ಇಟ್ಟಳು. ಆ ಲಾಟಿನ ಎರಡನೆಯ ಪರೀಕ್ಷೆಯ ಕಾಗದ. ಮೇಲೆ ಸೀಸಕಡ್ಡಿಯಲ್ಲಿ ಲಾಟಿನ ನಂಬರು, ಒಳಗೆ ಮೊಳಕೆ ಬಾರದ ಕಡಲೆ ಅಂಟಿಕೊಂಡಿತ್ತು. ಎಣಿಸಿದ ಮೇಲೆ ಎಲ್ಲರೂ ಅದನ್ನು ಒಗೆಯುತ್ತಾರೆ. ಅವಳು ನಾಪಾಸಾದದ್ದನ್ನು ಇಟ್ಟುಕೊಳ್ಳುತ್ತಿದ್ದಳಂತೆ.

"ಇವು ಯಾವ ಲಾಟಿನವಾದ್ರೂ ಇರಬಹುದು," ಎಂದರು ಸಾಹೇಬರು. "ನಂಬರ್ ಯಾವಾಗ ಬೇಕಾದ್ರೂ ಬರೀಬಹುದು."

"ನಾ ಸುಳ್ಳ ಎಣಿಸಿದಾಕಿ ಅಂತ ಅಂತೀರೇನ್ರಿ?" ನೀಲವ್ವನ ಧ್ವನಿ ಏರಲಿಲ್ಲ.

"ಕಂಪ್ಯೂಟರ್ ಸುಳ್ಳ ಹೇಳೂದಿಲ್ಲಲ್ಲವಾ."

ನಾನು ಎದ್ದೆ. ಧೈರ್ಯದಿಂದ ಎದ್ದೆ ಎಂದು ಬರೆದರೆ ಸುಳ್ಳಾದೀತು. ಆ ಮಾತು ಕೇಳಿ ಕೂರಲಾಗಲಿಲ್ಲ, ಅಷ್ಟೇ. "ಗೌಡ್ರ, ಐದು ಮಿನಿಟ್ ಕೊಡ್ರಿ," ಎಂದೆ. ಸಾಹೇಬರು ಬೇಡ ಎಂದರು. ಗೌಡ್ರು ತೋರಿಸು ಎಂದರು.

ಕಮಾಂಡು, ಕಂಟ್ರೋಲರ್ ಎಂದು ವಿವರಿಸಲು ಹೋಗಲಿಲ್ಲ. ಹಳೆಯ ಪ್ರತಿಯನ್ನು ಅದರ ಜಾಗದಲ್ಲಿ ಇಟ್ಟು ರವಾನೆ ಪಟ್ಟಿ ತೆರೆದೆ. ಆ ಲಾಟಿನ ನಂಬರು ಹುಡುಕಿದೆ. ಇಲ್ಲ. ಎಲ್ಲರೂ ನೋಡಿರಿ, ಇಲ್ಲ ಎಂದೆ. ಆಮೇಲೆ ಏನೂ ತಿದ್ದದೆ, ಎಲ್ಲರ ಕಣ್ಣ ಮುಂದೆ, ಜನರೇಟ್ ಗುಂಡಿ ಒತ್ತಿದೆ. ಯಂತ್ರ ತನ್ನ ಫೈಲು ಬರೆದು ಮುಗಿಸಿತು. ಪಟ್ಟಿ ಮತ್ತೆ ತೆರೆದೆ. ಲಾಟು ಬಂದು ಕೂತಿತ್ತು. ಪಕ್ಕದಲ್ಲೇ ಪರೀಕ್ಷೆಯ ಪರದೆ ತೆರೆದೆ: ನೀಲವ್ವ ತುಂಬಿದ 'ನಾಪಾಸು', ಯಂತ್ರ ತಾನೇ ಹಾಕಿದ ದಿನಾಂಕದ ಸಹಿತ, ಲಾರಿ ಹೋಗುವುದಕ್ಕಿಂತ ಮೊದಲಿನದು.

ಕೊನೆಗೆ ಹಳೆಯ ಪ್ರತಿಯ ಹೊರಗಿನ ಫೈಲು ತೆರೆದು, ಹೊಸದರಲ್ಲಿ ಇಲ್ಲದ ಆ ಮೂರು ಸಾಲು ತೋರಿಸಿದೆ. ಗೌಡ್ರು ಎದ್ದು ಗೋಡೆಯ ಹತ್ತಿರ ಹೋಗಿ ಓದಿದರು. "ಆ ಮೂರು ಸಾಲು ಹೊರಗಿನ ಫೈಲಿನ್ಯಾಗ ಬರದಾವ್ರು ಯಾರು?"

"ಸಾಹೇಬ್ರು."

"ಗುಂಡಿ ಒತ್ತಿದಾವ್ರು?"

"ನಾನ್ರಿ. ಉಲ್ಟಾ ಚೀಟಿ ಐತಿ ಅಂತ ಮಾಬೂಸಾಬ ಹೇಳಿದ್ರೂ ಹೇರು ಅಂದಾಂವನೂ ನಾನ."

"ಕೇಳಿದ್ರಿಲ್ಲೋ, ತಾನ ಒಪ್ಪಿಕೊಂಡ," ಎಂದರು ಸಾಹೇಬರು. ಅವರ ಮುಖದಲ್ಲಿ ಮತ್ತೆ ಬಣ್ಣ ಬಂದಿತ್ತು.

ನೀಲವ್ವನನ್ನು ಮರುದಿನದಿಂದ ಕೆಲಸಕ್ಕೆ ಬರಲು ಹೇಳಿದರು. ಯಾರೂ ಅವಳ ಕ್ಷಮೆ ಕೇಳಲಿಲ್ಲ. ನಡಾವಳಿಯಲ್ಲಿ 'ಸಿಬ್ಬಂದಿಯಾದ ಫಕೀರಪ್ಪನ ಅಜಾಗರೂಕತೆಯಿಂದ' ಎಂದು ಬರೆದು ನನ್ನ ಮುಂದೆ ಸಹಿಗೆ ಇಟ್ಟರು. ಸಾಹೇಬರ ಹೆಸರು ಎಲ್ಲಿಯೂ ಇರಲಿಲ್ಲ. ನನ್ನ ತಪ್ಪಿಗೆ ನನ್ನ ಸಹಿ ಹಾಕಲು ನಾನು ಹಿಂಜರಿಯಲಿಲ್ಲ. ಆದರೆ ಸಹಿಯ ಮೇಲೆ, ನನ್ನ ದುಂಡಗಿನ ಅಕ್ಷರದಲ್ಲಿ, ಆ ಮೂರು ಸಾಲನ್ನು ಯಾರು, ಎಲ್ಲಿ ಬರೆದರು ಎಂದು ಬರೆದೇ ಸಹಿ ಮಾಡಿದೆ. ಕಾರಕೂನ ಆ ಹಾಳೆ ಕೆಟ್ಟಿತು, ಬೇರೆ ತರುತ್ತೇನೆ ಎಂದ. ಎಷ್ಟು ಹಾಳೆ ತಂದರೂ ಅಷ್ಟನ್ನೂ ಬರೆಯುತ್ತೇನೆ ಎಂದೆ. ಗೌಡ್ರು ಆ ಹಾಳೆಯನ್ನೇ ಕಡತಕ್ಕೆ ಸೇರಿಸಲು ಹೇಳಿದರು. ಸಾಹೇಬರು ಮುಂದೆ ಬೇರೆ ಕಡೆ ಇನ್ನೂ ದೊಡ್ಡ ಕುರ್ಚಿಗೆ ಹೋದರು, ಸಂಘದವರು ಹಾರ ಹಾಕಿ ಕಳಿಸಿದರು. ಹಾರ ಹಿಡಿದು ನಿಲ್ಲಲು ನನಗೇ ಹೇಳಿದ್ದರು. ಅಂದು ನಾನು ರಜೆ ಹಾಕಿದ್ದೆ.

ನೀಲವ್ವ ಬಂದ ದಿನ ನಾನು ಕಮಾಂಡು ಬರೆಯಲು ಕೂತೆ. ಯಾರನ್ನೂ ಕೇಳಲಿಲ್ಲ, ಎರಡು ದಿನ ತೆಗೆದುಕೊಂಡೆ. ಪ್ರತಿ ಲಾಟಿಗೆ ಕೊನೆಯ ಪರೀಕ್ಷೆ ಮಾತ್ರ, ಅದು ಪಾಸಾಗಿದ್ದರೆ ಮಾತ್ರ. ಗುಂಡಿ ಒತ್ತಿ, ಪ್ರಯೋಗಶಾಲೆಗೆ ಹೋಗಿ, ನಿನ್ನ ವಹಿ ತಗೊಂಡು ಬಾರವ್ವ, ನೀನೇ ನೋಡು ಎಂದೆ. ಅವಳು ಬಂದು ಬಾಜೂಕಿನ ಕುರ್ಚಿಯಲ್ಲಿ ಕೂತಳು. ವಹಿಯಿಂದ ನಾಪಾಸಾದ ಒಂದೊಂದೇ ನಂಬರು ಓದಿದಳು, ನಾನು ಒಂದೊಂದನ್ನೇ ರವಾನೆ ಪಟ್ಟಿಯಲ್ಲಿ ಹುಡುಕಿದೆ. ಇಲ್ಲ. ಇಲ್ಲ. ಇಲ್ಲ. ವಹಿಯಲ್ಲಿದ್ದ ಅಷ್ಟೂ ಮುಗಿಯುವವರೆಗೆ ಹೀಗೆಯೇ ನೋಡಿದೆವು.

ಅವಳು ವಹಿ ಮುಚ್ಚಿದಳು.

"ಹನ್ನೊಂದು ದಿನ ಮನ್ಯಾಗ ಕುಂತಿದ್ದೆರಿ ಕಾಕಾ," ಎಂದಳು. "ನಿಮಗ ಮೊದಲನೇ ದಿನಾನ ಗೊತ್ತಿತ್ತು."

ಸಾಹೇಬರು ಬಾಗಿಲು ಹಾಕಿದ್ದು, ಎರಡು ವರ್ಷದ ಮಾತು, ಎಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು.

"ಗೊತ್ತಿತ್ತವ್ವ," ಎಂದೆ.

ಅವಳು ಎದ್ದು, ಕುರ್ಚಿಯನ್ನು ಇದ್ದ ಜಾಗಕ್ಕೆ ಸರಿಸಿ, ಕಾಗದ ನೆನೆಹಾಕಲು ಹೋದಳು.